ಕೊಳೆಯ ಬೆನ್ನು ಹತ್ತಿದ ಕೋಲ್ಮನ್

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಚಪ್ಪಲಿಗೆ, ಬೆಲ್ಟಿಗೆ, ಟ್ರಂಕಿನ ಬಟ್ಟೆಗೆ, ಗೋಡೆಯ ಮೂಲೆಗೆ, ಕಡೆಗೆ ಪುಸ್ತಕದ ರಟ್ಟಿಗೂ ಬೂಷ್ಟು ಬರುತ್ತದೆ. ಹುಬ್ಬಳ್ಳಿಯಲ್ಲಿ ಸ್ವಲ್ಪ ಕಡಿಮೆ, ಆದರೆ ಅಲ್ಲಿಯೂ ಜುಲೈ ತಿಂಗಳಲ್ಲಿ ಬ್ರೆಡ್ಡು ಮೂರು ದಿನ ತಡೆಯುವುದಿಲ್ಲ. ಬ್ರೆಡ್ಡಿನ ಮೇಲಿನ ಬಿಳಿ ಎಳೆ, ಕಪ್ಪು ಚುಕ್ಕೆ ರೈಜೋಪಸ್. ನಿಂಬೆಹಣ್ಣಿನ ಮೇಲಿನ ಹಸಿರು ಪುಡಿ ಪೆನಿಸಿಲಿಯಮ್. ಈರುಳ್ಳಿ ಸಿಪ್ಪೆಯ ಮೇಲಿನ ಕರಿ ಮಸಿ ಆಸ್ಪರ್ಜಿಲಸ್. ಇವೆಲ್ಲ ಮೂಲತಃ ಮಣ್ಣಿನಲ್ಲಿ ಮತ್ತು ಕೊಳೆಯುವ ಕಸದಲ್ಲಿ ಬದುಕುವಂಥವು. ಅವುಗಳ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ತೇಲುತ್ತಿರುತ್ತವೆ. ನಾವು ದಿನವೂ ಅವನ್ನು ಉಸಿರಾಡುತ್ತೇವೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಉಬ್ಬಸ ಇದ್ದವರಿಗೆ ಮಾತ್ರ ಹಸಿ ಗೋಡೆಯ ಕೋಣೆಯಲ್ಲಿ ಒಂದು ರಾತ್ರಿ ಕಳೆಯುವುದು ಎಷ್ಟು ಕಷ್ಟ ಎಂಬುದು ಗೊತ್ತು.

ಶೇಂಗಾ ಸರಿಯಾಗಿ ಒಣಗದೆ ಚೀಲ ಸೇರಿದರೆ ಅದರಲ್ಲಿ ಬೆಳೆಯುವ ಆಸ್ಪರ್ಜಿಲಸ್ ಫ್ಲೇವಸ್ ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತದೆ. ಅದು ಯಕೃತ್ತಿಗೆ ಕುತ್ತು, ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಇನ್ನು 2021ರ ಬೇಸಿಗೆಯನ್ನು ಯಾರೂ ಮರೆತಿರಲಾರರು. ಕೋವಿಡ್‌ನಿಂದ ಎದ್ದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ, ಕಪ್ಪು ಶಿಲೀಂಧ್ರ ಅಂಟಿತು. ಸುತ್ತಲಿನ ಜಿಲ್ಲೆಗಳವರು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ ಅದಕ್ಕಾಗಿ ಮಲಗಿದ್ದರು. ಅದನ್ನು ತಂದದ್ದು ಬ್ರೆಡ್ಡಿನ ಮೇಲೆ ಬರುವ ರೈಜೋಪಸ್‌ನ ಕುಟುಂಬವೇ.

ಬೂಷ್ಟು ಎಲ್ಲ ಕಡೆ ಇದ್ದೇ ಇರುತ್ತದೆ ಎಂದಾದರೆ, ಅದು ರೋಗವಾಗುವುದು ಯಾವಾಗ? ಈ ಪ್ರಶ್ನೆಯನ್ನು ಕರ್ನಾಟಕದ ಮಳೆಯಲ್ಲಿ ನಿಂತು ಶ್ರದ್ಧೆಯಿಂದ ಕೇಳಿದವರಲ್ಲಿ ಮೊದಲಿಗರೊಬ್ಬರು ಕೆನಡಾದವರು, ಹೆಸರು ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಅವರು ಹುಡುಕಿದ್ದು ಮನುಷ್ಯರ ರೋಗವನ್ನಲ್ಲ, ಅಡಿಕೆ ಮರದ ರೋಗವನ್ನು. ಹೆಬ್ಬಾಳ, ಮಂಡ್ಯದ ಕಡೆ ಅವರ ಹೆಸರು ಈಗಲೂ ಗೌರವದಿಂದ ಹೇಳುತ್ತಾರೆ. ನಮ್ಮ ಕಡೆ ಅಷ್ಟಾಗಿ ಗೊತ್ತಿಲ್ಲ. ಆಗ ನಾವು ಮುಂಬಯಿ ಪ್ರಾಂತ್ಯದಲ್ಲಿದ್ದೆವು, ಅವರು ಮೈಸೂರು ಸಂಸ್ಥಾನದಲ್ಲಿದ್ದರು, ಅದೂ ಒಂದು ಕಾರಣವಿರಬಹುದು.

ನನಗೆ ಈ ಹೆಸರಿನ ಮೇಲೆ ಆಸಕ್ತಿ ಹುಟ್ಟಿದ್ದು ಸಾಗರದ ನನ್ನ ಮಾಮೂನಿಂದ. ಅವರು ಅಡಿಕೆ ತೋಟಗಳನ್ನು ಫಲಗುತ್ತಿಗೆಗೆ ಹಿಡಿಯುತ್ತಾರೆ. ಅಂದರೆ ಮರದ ಮೇಲಿನ ಬೆಳೆಗೆ ಮುಂಗಡವೇ ಬೆಲೆ ಕಟ್ಟಿ ಹಣ ಕೊಡುವುದು. ಆಮೇಲೆ ಬಂದದ್ದು ಅವರದು, ಹೋದದ್ದೂ ಅವರದು. ಒಂದು ವರ್ಷ ಆಗಸ್ಟ್‌ನಲ್ಲಿ ಬಿಡದೆ ಮಳೆ ಸುರಿದು ಒಂದು ತೋಟದ ಅರ್ಧದಷ್ಟು ಕಾಯಿ ಕೊಳೆತು ನೆಲಕ್ಕೆ ಬಿತ್ತು. ಆ ವರ್ಷ ಅವರ ಮನೆಯಲ್ಲಿ ನಡೆಯಬೇಕಿದ್ದ ಮದುವೆ ಮುಂದಕ್ಕೆ ಹೋಯಿತು. ಕೊಳೆರೋಗ ಎಂದರೆ ಇಷ್ಟೇ ಎಂದು ಪಠ್ಯಪುಸ್ತಕದಲ್ಲಿ ಎರಡು ಸಾಲು ಓದಿದವರಿಗೆ ಇದು ತಿಳಿಯುವುದಿಲ್ಲ.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗಟಿಂಗೆನ್‌ಗೆ ಹೋಗಿ ಡಾಕ್ಟರೇಟ್ ಪಡೆದರು. ಅಲ್ಲಿ ಅವರು ಹಿಡಿದ ವಿಷಯ ಮಣ್ಣಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುವ ಬಗೆ. ನಾವು ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಎಂದು ಬಾಯಿಪಾಠ ಮಾಡುವ ಅದೇ ಪಾಠ. ಹೀಗೆ ಕಣ್ಣಿಗೆ ಕಾಣದ ಮಣ್ಣಿನ ಜೀವಿಗಳ ಜತೆ ಕೈ ಪಳಗಿಸಿಕೊಂಡವರು 1908ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಹುದ್ದೆ ವಿಚಿತ್ರವಾಗಿತ್ತು. ಶಿಲೀಂಧ್ರಗಳಿಗೂ ಕೀಟಗಳಿಗೂ ಸೇರಿ ಒಬ್ಬರೇ ತಜ್ಞರು. ಸಂಸ್ಥಾನದ ಎಲ್ಲ ಬೆಳೆಗಳ ಎಲ್ಲ ಕಾಯಿಲೆ, ಎಲ್ಲ ಹುಳ ಅವರ ಪಾಲಿಗೆ. ಅವರಿಗಿಂತ ಮುಂಚೆ ಅಡಾಲ್ಫ್ ಲೇಮನ್ ಎಂಬ ಇನ್ನೊಬ್ಬ ಕೆನಡಿಯನ್ ರಸಾಯನ ವಿಜ್ಞಾನಿ ಮೈಸೂರಿನಲ್ಲಿ ಕೃಷಿ ಸಂಶೋಧನೆಗೆ ಅಡಿಪಾಯ ಹಾಕಿದ್ದರು.

ಬಂದ ಕೂಡಲೇ ಅವರನ್ನು ಕರೆದದ್ದು ಮಲೆನಾಡು. ತೀರ್ಥಹಳ್ಳಿ, ಸಾಗರ, ಕೊಪ್ಪದ ಕಡೆ ಮಳೆಗಾಲದಲ್ಲಿ ಅಡಿಕೆ ಗೊನೆಗಳು ಕೊಳೆತು ಉದುರುತ್ತಿದ್ದವು. ಜನ ಅದಕ್ಕೆ ಕೊಳೆ ಎಂದೇ ಹೆಸರಿಟ್ಟಿದ್ದರು. ಎಳೆಗಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂಥ ಕಡುಹಸಿರು ಕಲೆ ಮೂಡಿ, ಕಾಯಿಯನ್ನೆಲ್ಲ ಆವರಿಸಿ, ಅದು ಕಳಚಿ ಬೀಳುತ್ತದೆ. ಬಿದ್ದ ಕಾಯಿಯ ಮೇಲೆ ಹತ್ತಿಯಂಥ ಬಿಳಿ ಬೂಷ್ಟು. ರೋಗ ಸುಳಿಗೆ ಇಳಿದರೆ ಮರವೇ ಸಾಯುತ್ತದೆ. ಅಡಿಕೆ ಮರ ಫಲಕ್ಕೆ ಬರಲು ಐದಾರು ವರ್ಷ ಬೇಕು ಎಂಬುದನ್ನು ನೆನೆದರೆ ಸುಳಿ ಹೋಗುವುದು ಎಂದರೇನು ಎಂದು ಗೊತ್ತಾಗುತ್ತದೆ.

ರೈತರಿಗೆ ಏನೂ ಗೊತ್ತಿರಲಿಲ್ಲ ಎಂದು ಬರೆದರೆ ಅದು ಸುಳ್ಳು. ಮಳೆ ನೀರು ಗೊನೆಗೆ ತಾಗಬಾರದು ಎಂಬುದು ಅವರಿಗೆ ತಲೆಮಾರುಗಳಿಂದ ಗೊತ್ತಿತ್ತು. ಅದಕ್ಕಾಗಿ ಒಣಹುಲ್ಲು, ಹಾಳೆಗಳಿಂದ ಕೊಟ್ಟೆ ಮಾಡಿ, ಮಳೆ ಹಿಡಿಯುವ ಮುಂಚೆ ಮರ ಹತ್ತಿ ಒಂದೊಂದು ಗೊನೆಗೂ ಟೋಪಿಯಂತೆ ಕಟ್ಟುತ್ತಿದ್ದರು. ನಲವತ್ತು, ಐವತ್ತು ಅಡಿಯ ಮರ, ಒಂದು ತೋಟದಲ್ಲಿ ಸಾವಿರಾರು ಗೊನೆ. ಕೊಟ್ಟೆ ಕಟ್ಟಿದ ಗೊನೆ ಬಹುಮಟ್ಟಿಗೆ ಉಳಿಯುತ್ತಿತ್ತು, ಆದರೆ ದುಡ್ಡು, ಆಳು ಎರಡೂ ಬೇಕು. ಬಡ ತೋಟದವರು ಆಕಾಶ ನೋಡುತ್ತ ಕೂರಬೇಕಾಗಿತ್ತು.

ಆ ಹೊತ್ತಿಗೆ ಭಾರತ ಸರ್ಕಾರದ ಶಿಲೀಂಧ್ರ ತಜ್ಞ ಎಡ್ವಿನ್ ಬಟ್ಲರ್ 1906ರಲ್ಲಿ ಈ ರೋಗದ ಬಗ್ಗೆ ಬರೆದಿದ್ದರು. ಕೋಲ್ಮನ್ ಮುಂದಿನದನ್ನು ಕೈಗೆತ್ತಿಕೊಂಡರು. ಆಗ ಸಾಗರಕ್ಕೆ ರೈಲು ಇರಲಿಲ್ಲ. ಶಿವಮೊಗ್ಗದಿಂದ ಮುಂದೆ ಮಳೆಗಾಲದ ಕಾಡುದಾರಿ, ಮಲೇರಿಯಾದ ಸೀಮೆ. ಕೊಳೆಯನ್ನು ನೋಡಬೇಕೆಂದರೆ ಆ ಮಳೆಯಲ್ಲೇ ಹೋಗಬೇಕು. ಬೇಸಿಗೆಯಲ್ಲಿ ಹೋದರೆ ಅಲ್ಲಿ ಏನೂ ಕಾಣುವುದಿಲ್ಲ.

ಅವರು ಕಂಡುಕೊಂಡದ್ದು ಏನು? ಕಾಯಿಯನ್ನು ಕೊಳೆಸುವುದು ಮಳೆಯಲ್ಲ, ಮಳೆಯನ್ನು ಬಳಸಿಕೊಳ್ಳುವ ಒಂದು ಜೀವಿ. ಫೈಟಾಫ್ಥೊರಾ ಎಂಬ ಕುಲಕ್ಕೆ ಸೇರಿದ್ದು. ಗ್ರೀಕ್ ಭಾಷೆಯ ಈ ಹೆಸರಿಗೆ ಗಿಡನಾಶಕ ಎಂದರ್ಥ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆಯನ್ನು ಕೊಳೆಸಿ ಹತ್ತು ಲಕ್ಷದಷ್ಟು ಜನರ ಸಾವಿಗೆ ಕಾರಣವಾದದ್ದು ಇದೇ ಕುಲದ ಇನ್ನೊಂದು ಜೀವಿ. ಅಡಿಕೆಯದಕ್ಕೆ ಕೋಲ್ಮನ್ 1910ರಲ್ಲಿ ಅರೆಕೆ ಎಂಬ ಗುರುತಿನ ಹೆಸರು ಕೊಟ್ಟರು.

ಈ ಜೀವಿ ಬದುಕುವ ರೀತಿ ನನಗೆ ಬಹಳ ಹಿಡಿಸಿತು, ಹೆದರಿಕೆಯೂ ಆಯಿತು. ಬೇಸಿಗೆಯಲ್ಲಿ ಅದು ಬಿದ್ದ ಕಾಯಿಗಳಲ್ಲಿ, ಸತ್ತ ಮರದ ತುದಿಯಲ್ಲಿ, ಮಣ್ಣಿನಲ್ಲಿ ಸುಮ್ಮನೆ ಉಳಿದುಕೊಳ್ಳುತ್ತದೆ. ಮಳೆ ಹಿಡಿದು ಗಾಳಿ ತಂಪಾದಾಗ ನಿಂಬೆಯಾಕಾರದ ಸಣ್ಣ ಚೀಲಗಳನ್ನು ಬಿಡುತ್ತದೆ. ಅವು ಮಳೆಹನಿಯ ಸಿಡಿತಕ್ಕೆ, ಗಾಳಿಗೆ ಹಾರುತ್ತವೆ. ನೀರಿನ ತೆಳು ಪದರ ಸಿಕ್ಕರೆ ಆ ಚೀಲ ಒಡೆದು ಒಳಗಿನಿಂದ ಚಲಬೀಜಕಣಗಳು ಹೊರಬರುತ್ತವೆ. ಒಂದೊಂದಕ್ಕೂ ಎರಡೆರಡು ಕಶಾಂಗ. ಅವು ನಿಜವಾಗಿ ಈಜುತ್ತವೆ! ಈಜಿ ಕಾಯಿಯ ತೊಟ್ಟನ್ನು ಮುಟ್ಟಿ, ಅಲ್ಲಿ ಕೂತು, ಒಳಗೆ ಬೇರಿನಂಥ ಎಳೆ ಇಳಿಸುತ್ತವೆ. ನೀರಿಲ್ಲದಿದ್ದರೆ ಈಜಿಲ್ಲ, ಈಜಿಲ್ಲದಿದ್ದರೆ ರೋಗ ಹಬ್ಬುವುದಿಲ್ಲ. ಬಿಸಿಲು ಬಂದು ಎರಡು ದಿನ ಗೊನೆ ಒಣಗಿದರೆ ರೋಗ ನಿಲ್ಲುವುದು ಇದಕ್ಕೇ. ಕೊಟ್ಟೆ ಕೆಲಸ ಮಾಡುತ್ತಿದ್ದುದೂ ಇದಕ್ಕೇ.

ನಮ್ಮ ಜೀವಶಾಸ್ತ್ರದ ಮೇಡಂ ಒಂದು ಮಾತು ಸೇರಿಸಿದರು. ಇಂಥ ಈಜುವ ಬೂಷ್ಟುಗಳನ್ನು ಹಳೆಯ ವರ್ಗೀಕರಣದಲ್ಲಿ ಫೈಕೋಮೈಸಿಟೀಸ್ ಎಂಬ ಗುಂಪಿನಲ್ಲಿ, ರೈಜೋಪಸ್, ಮ್ಯೂಕರ್‌ಗಳ ಪಕ್ಕದಲ್ಲೇ ಇಡುತ್ತಿದ್ದರು. ಈಗ ಅವನ್ನು ನಿಜವಾದ ಶಿಲೀಂಧ್ರಗಳೆಂದು ಎಣಿಸುವುದಿಲ್ಲ. ಅವುಗಳ ಕೋಶಭಿತ್ತಿಯಲ್ಲಿ ಮುಖ್ಯವಾಗಿರುವುದು ಕೈಟಿನ್ ಅಲ್ಲ, ಸೆಲ್ಯುಲೋಸ್. ಕಂದು ಪಾಚಿಗಳು ಅವುಗಳ ಹತ್ತಿರದ ನೆಂಟರು. ಕೋಲ್ಮನ್ ಕಾಲದಲ್ಲಿ ಅವನ್ನು ಶಿಲೀಂಧ್ರಗಳೆಂದೇ ಎಣಿಸುತ್ತಿದ್ದರು, ಆದರೆ ಮದ್ದು ಹುಡುಕಲು ಅದು ಅಡ್ಡಿಯೂ ಆಗಲಿಲ್ಲ.

ಮದ್ದು ಎಂದರೆ ಬೋರ್ಡೋ ದ್ರಾವಣ. ಅದು ಕೋಲ್ಮನ್ನರ ಶೋಧವಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿ ಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳಬಾರದೆಂದು ರೈತರು ಮೈಲುತುತ್ತ ಮತ್ತು ಸುಣ್ಣ ಕಲಸಿ ಬಳ್ಳಿಗೆ ಚಿಮುಕಿಸುತ್ತಿದ್ದರು. ನೋಡಿದರೆ ವಿಷದಂತೆ ನೀಲಿ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ಬಾರದ್ದನ್ನು ಗಮನಿಸಿ, 1885ರಲ್ಲಿ ಅದನ್ನು ಔಷಧಿಯಾಗಿ ಪ್ರಕಟಿಸಿದರು. ಕೋಲ್ಮನ್ ಅದನ್ನು ಮಲೆನಾಡಿನ ಅಡಿಕೆ ಗೊನೆಗೆ ತಂದರು.

ಹೇಳುವುದು ಸುಲಭ. ದ್ರಾಕ್ಷಿ ಬಳ್ಳಿ ಎದೆಮಟ್ಟಕ್ಕೆ ಇರುತ್ತದೆ, ಅಡಿಕೆ ಗೊನೆ ಆಕಾಶದಲ್ಲಿ. ಫ್ರಾನ್ಸಿನ ಮಳೆ ಬೇರೆ, ಆಗುಂಬೆ ಸೀಮೆಯ ಮಳೆ ಬೇರೆ. ಮರ ಹತ್ತಿ, ತುದಿಯಲ್ಲಿ ಕೂತು, ಕೆಳಗಿನಿಂದ ಪಂಪಿನಲ್ಲಿ ಬರುವ ಔಷಧಿಯನ್ನು ಗೊನೆಗೆ ಎಲ್ಲ ಕಡೆಯಿಂದಲೂ ಹೊಡೆಯಬೇಕು. ಜಡಿಮಳೆಗೆ ಅದು ತೊಳೆದು ಹೋಗದಂತೆ ರಾಳ ಮತ್ತು ಸೋಡಾ ಕುದಿಸಿದ ಅಂಟನ್ನು ಸೇರಿಸುವ ರೂಢಿ ಬಂತು. ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತು. ತಾಮ್ರದ ಪದರ ಕಾಯಿಯ ಮೇಲೆ ಮೊದಲೇ ಇದ್ದರೆ ಈಜಿ ಬಂದ ಕಣ ಅಲ್ಲೇ ಸಾಯುತ್ತದೆ. ಅದು ಒಳಗೆ ಇಳಿದ ಮೇಲೆ ಎಷ್ಟು ಹೊಡೆದರೂ ಆ ಕಾಯಿ ಉಳಿಯುವುದಿಲ್ಲ. ಹಾಗಾಗಿ ರೋಗವೇ ಇಲ್ಲದ, ಗೊನೆ ಹಸಿರಾಗಿ ಚೆಂದ ಕಾಣುವ ಜೂನ್ ಮೊದಲಲ್ಲಿ ದುಡ್ಡು ಖರ್ಚು ಮಾಡಿ ಎಂದು ರೈತರಿಗೆ ಹೇಳಬೇಕು. ಕಾಣದ ರೋಗಕ್ಕೆ ಮದ್ದು ಹಾಕಿ ಎಂದರೆ ಯಾರು ತಾನೆ ಬೇಗ ಒಪ್ಪುತ್ತಾರೆ? ಸರ್ಕಾರಿ ಇಲಾಖೆಯವರು ತೋಟಗಳಲ್ಲಿ ಹೊಡೆದು ತೋರಿಸಬೇಕಾಯಿತು. ಉಳಿದ ಗೊನೆಯನ್ನು ಕಂಡ ಮೇಲೆ ಪದ್ಧತಿ ತೋಟದಿಂದ ತೋಟಕ್ಕೆ ಹಬ್ಬಿತು. ಇಂದಿಗೂ ಸಾಗರ, ಶಿರಸಿ, ಪುತ್ತೂರು ಎಲ್ಲ ಕಡೆ ಮಳೆಗಾಲದ ಮೊದಲ ಕೆಲಸ ಇದೇ.

ಕಳೆದ ಬಕ್ರೀದ್ ರಜೆಯಲ್ಲಿ ಮಾಮೂ ಹಿಡಿದ ತೋಟದಲ್ಲಿ ಔಷಧಿ ಕಲಸುವುದನ್ನು ಹತ್ತಿರದಿಂದ ನೋಡಿದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ತಿರುವುತ್ತಾರೆ. ಸುರಿದದ್ದೇ ತಡ, ತಿಳಿ ನೀಲಿ ಹೋಗಿ ಮೊಸರಿನಂತೆ ಗಟ್ಟಿ ಆಕಾಶನೀಲಿ. ಆಮೇಲೆ ಕೆಲಸದವರೊಬ್ಬರು ತಿಕ್ಕಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆದರು. ಕತ್ತಿ ಕೆಂಪಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಇಲ್ಲದಿದ್ದರೆ ಕಾಯಿ ಸುಡುತ್ತದೆ. ನಾವು ಲ್ಯಾಬಿನಲ್ಲಿ ಕಬ್ಬಿಣದ ಮೊಳೆಯನ್ನು ಕಾಪರ್ ಸಲ್ಫೇಟ್‌ಗೆ ಹಾಕಿ ನೋಡುವ ಸ್ಥಾನಪಲ್ಲಟ ಕ್ರಿಯೆ ಇದೇ ಅಲ್ಲವೇ! ಆ ಮನುಷ್ಯ ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ಈಗ ಕೆಲವರು ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಿಂದ ಹೊಡೆಯುತ್ತಾರೆ, ಆದರೆ ಆ ತೋಟದಲ್ಲಿ ಇನ್ನೂ ಮರ ಹತ್ತುವವರೇ ಇದ್ದರು. ಅವರ ಬೆನ್ನು, ತೋಳು ಎಲ್ಲ ನೀಲಿ. ಮೈಲುತುತ್ತ ಕಣ್ಣಿಗೆ ಬಿದ್ದರೆ ಅಪಾಯ, ಆದರೂ ಕನ್ನಡಕ ಹಾಕಿದವರನ್ನು ನಾನು ಕಾಣಲಿಲ್ಲ. ಕೋಲ್ಮನ್ ಕಥೆ ಬರೆಯುವವರು ಈ ಮರ ಹತ್ತುವವರನ್ನು ಒಂದು ಸಾಲಿನಲ್ಲಾದರೂ ನೆನೆಯಬೇಕು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಡಿಕೆ ಜಗಿಯುವುದನ್ನು ನಾನು ಹೊಗಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಮ್ಮ ಊರಿನ ಪಾನ್ ಅಂಗಡಿಗಳ ಮುಂದೆ ನಿಲ್ಲುವ ನಮ್ಮ ವಯಸ್ಸಿನವರು ಅದನ್ನು ತಿಳಿದಿರಬೇಕು. ಆದರೆ ತೋಟ ನಂಬಿದ ಮನೆಗಳ ಬದುಕು ಬೇರೆ ವಿಷಯ.

1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಕೋಲ್ಮನ್ ಮೈಸೂರಿನ ಕೃಷಿ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೃಷಿ ಪ್ರಯೋಗಕ್ಕೆಂದು ಕೊಟ್ಟಿದ್ದ ಮೂವತ್ತು ಎಕರೆಯಿಂದ ಬೆಳೆದ ಜಾಗ ಅದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. ನಮ್ಮ ಧಾರವಾಡದ ಕೃಷಿ ಕಾಲೇಜು ಬಂದದ್ದು ಬಹಳ ತಡವಾಗಿ, 1947ರಲ್ಲಿ. ನಿರ್ದೇಶಕರಾದ ಮೇಲೂ ಕೋಲ್ಮನ್ ಸೂಕ್ಷ್ಮದರ್ಶಕ ಬಿಡಲಿಲ್ಲ. ರಾಗಿಯ ಬೇಸಾಯದ ಬಗ್ಗೆ 1920ರಲ್ಲಿ ಪುಸ್ತಿಕೆ ಬರೆದರು. ಅವರ ಇಲಾಖೆಯ ಕೈಕೆಳಗೆ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಹುಟ್ಟಿತು. ಕನ್ನಂಬಾಡಿಯ ನೀರು ಮಂಡ್ಯಕ್ಕೆ ಹರಿದಾಗ ಅಲ್ಲಿ ಕಬ್ಬು ಬೆಳೆಸುವುದರಲ್ಲಿ, 1933ರ ಮಂಡ್ಯ ಸಕ್ಕರೆ ಕಾರ್ಖಾನೆಯ ಹಿಂದೆ ಅವರಿದ್ದರು. ಮಂಡ್ಯದವರು ಅವರನ್ನು ನೆನೆಯುವುದು ಅದಕ್ಕೇ.

ಗೆಲ್ಲದೆ ಉಳಿದದ್ದೂ ಇತ್ತು. ಶ್ರೀಗಂಧದ ಮರಕ್ಕೆ ಎಲೆಗಳು ಕಿರಿದಾಗಿ, ಮುಳ್ಳಿನಂತೆ ನಿಮಿರಿ ಮರ ಒಣಗುವ ಸ್ಪೈಕ್ ಎಂಬ ರೋಗ ಹಬ್ಬಿತ್ತು. ಗಂಧ ಎಂದರೆ ಸಂಸ್ಥಾನದ ಖಜಾನೆ. ರೋಗದ ಮರದ ಕೊಂಬೆಯನ್ನು ಒಳ್ಳೆಯ ಮರಕ್ಕೆ ಕಸಿ ಮಾಡಿದರೆ ರೋಗ ದಾಟುತ್ತದೆ, ಹಾಗಾಗಿ ಇದು ಅಂಟುರೋಗ ಎಂಬುದರವರೆಗೆ ಅವರು 1917ರಲ್ಲಿ ತಲುಪಿದರು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಏನೂ ಕಾಣಲಿಲ್ಲ, ಬೂಷ್ಟಿನ ಎಳೆಯೂ ಇಲ್ಲ. ಅದನ್ನು ತರುವ ಕೋಶಭಿತ್ತಿಯಿಲ್ಲದ ಅತಿ ಸಣ್ಣ ಬ್ಯಾಕ್ಟೀರಿಯಾ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಸಿಕ್ಕಿದ್ದು 1969ರಲ್ಲಿ, ಕೋಲ್ಮನ್ ತೀರಿಕೊಂಡು ಹದಿನೈದು ವರ್ಷಗಳ ಮೇಲೆ. ಆ ರೋಗಕ್ಕೆ ಗುಣಪಡಿಸುವ ಮದ್ದು ಇವತ್ತಿಗೂ ಇಲ್ಲ.

ಅವರ ಕಥೆ ಓದುತ್ತ ನನಗೆ ನಮ್ಮ ಕಡೆಯ ಅಡುಗೆಮನೆ ನೆನಪಾಯಿತು. ಕಡಕ್ ರೊಟ್ಟಿಯನ್ನು ತಿಂಗಳುಗಟ್ಟಲೆ ಬುಟ್ಟಿಯಲ್ಲಿಟ್ಟರೂ ಬೂಷ್ಟು ಬರುವುದಿಲ್ಲ, ಏಕೆಂದರೆ ಅದರಲ್ಲಿ ನೀರಿಲ್ಲ. ಅದೇ ಜೋಳದ ಮೆತ್ತನೆ ರೊಟ್ಟಿ ಮಳೆಗಾಲದಲ್ಲಿ ಮರುದಿನಕ್ಕೇ ವಾಸನೆ. ನಾನಿ ಶೇಂಗಾ, ಬೇಳೆಗಳನ್ನು ಮೃಗಶಿರ ಮಳೆ ಕೂಡುವ ಮೊದಲೇ ಬಿಸಿಲಿಗೆ ಹರಡಿ, ಕೈಯಲ್ಲಿ ಅಲ್ಲಾಡಿಸಿ, ಕಾಳಿನ ಸದ್ದು ಕೇಳಿಯೇ ಡಬ್ಬಿಗೆ ತುಂಬುತ್ತಾರೆ. ಬೂಷ್ಟು ಕಂಡ ಮೇಲೆ ಮೇಲಿನದನ್ನು ಕೆರೆದು ತಿನ್ನುವ ಅಭ್ಯಾಸ ಹಲವು ಮನೆಗಳಲ್ಲಿದೆ. ಅದು ಕೊಳೆತ ಗೊನೆಗೆ ಬೋರ್ಡೋ ಹೊಡೆದಂತೆ. ನಮಗೆ ಕಾಣುವುದು ಬೀಜಕಣಗಳ ಬಣ್ಣ ಮಾತ್ರ, ಎಳೆಗಳು ಅಷ್ಟರಲ್ಲಿ ಬ್ರೆಡ್ಡಿನ ಒಳಗೆ ಹೋಗಿರುತ್ತವೆ. ಹುಡುಗರ ಕೋಣೆಯ ಗೋಡೆಗೆ ವರ್ಷವೂ ಸುಣ್ಣ ಬಳಿದರೂ ಬೂಷ್ಟು ಮರಳಿ ಬರುವುದು ತಾರಸಿಯ ಸೋರಿಕೆ ನಿಲ್ಲದೆ ಇರುವುದರಿಂದ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ನೋಡಬೇಕು.

1934ರಲ್ಲಿ ಕೋಲ್ಮನ್ ಮೈಸೂರು ಬಿಟ್ಟು ಕೆನಡಾಕ್ಕೆ ಮರಳಿದರು. ಬಂದಾಗ ಮೂವತ್ತು, ಹೋಗುವಾಗ ಐವತ್ತಾರು. ನಿವೃತ್ತರು ಕೂರಬಹುದಿತ್ತು, ಕೂರಲಿಲ್ಲ. ಟೊರಾಂಟೊದಲ್ಲಿ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂತು ವರ್ಣತಂತುಗಳ ಅಧ್ಯಯನಕ್ಕೆ ಇಳಿದರು. 1943ರಲ್ಲಿ ಪ್ರಕಟವಾದ ಅವರ ಒಂದು ಪ್ರಬಂಧ ಮಿಡತೆಗಳ ವರ್ಣತಂತುಗಳ ಬಗ್ಗೆ. ಆಗ ಅವರಿಗೆ ಅರವತ್ತೈದರ ಹತ್ತಿರ. 1954ರಲ್ಲಿ ತೀರಿಕೊಂಡರು.

ಅಡಿಕೆಯ ಕೊಳೆಗೆ ಅವರು ಕೊಟ್ಟ ಹೆಸರು ಪುಸ್ತಕಗಳಲ್ಲಿ ಹಲವು ಸಲ ಬದಲಾಯಿತು. ಈಗ ನಮ್ಮ ತೋಟಗಳ ಕೊಳೆಯಲ್ಲಿ ಹೆಚ್ಚಾಗಿ ಗುರುತಿಸುವುದು ಫೈಟಾಫ್ಥೊರಾ ಮೀಡಿಯೈ ಎಂಬುದನ್ನು. ನಮ್ಮ ಕನ್ನಡ ಪದಕ್ಕೆ ಮಾತ್ರ ಇನ್ನೊಂದು ಕಡೆ ಶಾಶ್ವತ ಜಾಗ ಸಿಕ್ಕಿದೆ. ಕಾಫಿ ಎಲೆಯನ್ನು ಕೊಳೆಸುವ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದೇ ಲ್ಯಾಟಿನ್ ಹೆಸರಿಟ್ಟರು.

ಕೋಲ್ಮನ್ ಹೆಸರೂ ಹೀಗೆಯೇ ಒಂದು ಕಡೆ ಉಳಿದಿದೆ, ಅದೂ ನಮ್ಮ ಸೀಮೆಯಲ್ಲಿ. ಅವರು ಮೈಸೂರಿಗೆ ಬಂದ ಹೊಸತರಲ್ಲಿ ಜೋಳದ ಹೊಲಗಳನ್ನು ತಿನ್ನುತ್ತಿದ್ದ ರೆಕ್ಕೆಯಿಲ್ಲದ ಒಂದು ಮಿಡತೆಯನ್ನು ಅಭ್ಯಾಸ ಮಾಡಿದ್ದರು. ಸ್ಪೇನಿನ ಕೀಟತಜ್ಞ ಬೊಲಿವಾರ್ 1910ರಲ್ಲಿ ಅದರ ಕುಲಕ್ಕೆ ಕೋಲ್ಮೇನಿಯಾ ಎಂದು ಹೆಸರಿಟ್ಟರು. ದಖ್ಖನ್ನಿನ ಜೋಳದ ನಾಡಿನಲ್ಲಿ ಅದು ಈಗಲೂ ಇದೆ. ಮಣ್ಣಿನೊಳಗೆ ಮೊಟ್ಟೆಯಾಗಿ ಬೇಸಿಗೆ ಕಳೆದು, ಮುಂಗಾರಿನ ಮೊದಲ ಹದಮಳೆಗೆ ಮರಿಯಾಗಿ ಹೊರಬರುತ್ತದೆ.